ಹೆಸರು ಹೇಳಿಕೊಂಡು ಬಂದ ಕಳ್ಳ

ಓದುಗ ಬಂಧುಗಳಿಗೆ ಕುರುಗೋಡಿನ ದರ್ಜಿಯೊಬ್ಬನ ನಮಸ್ಕಾರ. ಇದನ್ನು ಮಗಳ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಹೊಲಿಗೆಯಲ್ಲಾದರೆ ತಪ್ಪಿದ ಜಾಗವನ್ನಷ್ಟೇ ಬಿಚ್ಚಿ ಮತ್ತೆ ಹೊಲಿಯಬಹುದು. ಇಲ್ಲಿ ಒಂದು ಒತ್ತಕ್ಷರ ಸರಿಮಾಡಲು ಹೋದರೆ ಇಡೀ ಸಾಲೇ ಬಿಚ್ಚಿಕೊಂಡು ಬರುತ್ತದೆ. ಅಲ್ಲಲ್ಲಿ ದಾರ ಎದ್ದಿದ್ದರೆ ದೊಡ್ಡ ಮನಸ್ಸು ಮಾಡಿ ನೀವೇ ಕತ್ತರಿಸಿಕೊಂಡು ಓದಿರಿ.

ಮೊನ್ನೆ ಮಷೀನಿನ ಡ್ರಾಯರ್ ಸ್ವಚ್ಛ ಮಾಡುತ್ತಿದ್ದೆ. ಮುರಿದ ಸೂಜಿ, ಖಾಲಿ ರೀಲು, ಯಾರ‍್ಯಾರದೋ ಅಂಗಿಯ ಗುಂಡಿಗಳ ನಡುವೆ ಒಂದು ಕೂಲಿಂಗ್ ಗ್ಲಾಸ್ ಸಿಕ್ಕಿತು. ಒಂದು ಕಡೆಯ ಕಡ್ಡಿ ಇಲ್ಲ. ಹಾಕಿಕೊಂಡು ಕನ್ನಡಿ ನೋಡಿದೆ. ಕಾಜಾ ಹಾಕುತ್ತಾ ಕೂತಿದ್ದ ನನ್ನ ಹೆಂಡತಿ ಹುಲಿಗೆಮ್ಮ ತಲೆ ಎತ್ತಿ, "ಕಣ್ಣು ಬ್ಯಾನಿ ಬಂದಂಗ ಕಾಣ್ತೀರಿ, ತೆಗೀರಿ ಅದನ್ನ" ಎಂದಳು. ಆ ಕನ್ನಡಕ ಹಾಕಿಕೊಂಡು ನಾನೊಮ್ಮೆ ಪತ್ತೇದಾರನಾಗಿದ್ದೆ ಎಂಬುದು ಅವಳಿಗೂ ಗೊತ್ತು. ಗೊತ್ತಿದ್ದೇ ಹಾಗೆ ಅಂದಳು.

ಬಳ್ಳಾರಿಯಲ್ಲಿ ಅದಿರಿನ ಹುಚ್ಚು ಏರಿದ್ದ ಕಾಲವದು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ದೊಡ್ಡಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತವನು. ಮದುವೆಯಾಯಿತು, ಮಗಳು ಹುಟ್ಟಿದಳು, ಅವಳು ಶಾಲೆಗೆ ಹೋದಳು. ಅವಳ ಪುಸ್ತಕಗಳಿಗೆ ಬೈಂಡು ಹಾಕುತ್ತಾ ಹಾಕುತ್ತಾ ನನಗೂ ಓದುವ ಆಸೆ ಹುಟ್ಟಿತು. ಹೊರಗಿನಿಂದ ಹತ್ತನೇ ಕ್ಲಾಸು ಕಟ್ಟಿದೆ, ಪಿ.ಯು.ಸಿ. ಕಟ್ಟಿದೆ. ಆಮೇಲೆ ಧೈರ್ಯ ಮಾಡಿ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಬಿ.ಎ. ಸೇರಿದೆ. ಸೇರುವ ಮುಂಚೆ ಹುಲಿಗೆಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ಮೂರು ವರ್ಷ ಅಂಗಡಿ ನಾ ನೋಡ್ಕೊಂತೀನಿ. ಅಲ್ಲಿಗೆ ಮುಗೀತು. ನಾಪಾಸ್ ಆಗಿ ಇನ್ನೊಂದು ವರ್ಷ ಕೊಡು ಅಂದ್ರ ಕತ್ತರಿ ನಿಮ್ಮ ಕೈಗೆ, ಪುಸ್ತಕ ಅಟ್ಟಕ್ಕ."

ಮೂರನೇ ವರ್ಷದ ಪತ್ರಿಕೋದ್ಯಮದಲ್ಲಿ ಒಂದು ಸಣ್ಣ ಪಿಕ್ಚರ್ ಮಾಡಿ ಕೊಡಬೇಕಿತ್ತು. ಕೊಡದಿದ್ದರೆ ಪಾಸಿಲ್ಲ. ಪರೀಕ್ಷೆಯಲ್ಲಿ ಏನಾದರೂ ಬರೆದು ಪಾರಾಗಬಹುದು ಎಂದುಕೊಂಡಿದ್ದೆ. ಅಂಗಿ ಹೊಲಿ ಎಂದರೆ ಹೊಲಿದೇನು, ಪಿಕ್ಚರ್ ಎಲ್ಲಿಂದ ಹೊಲಿಯಲಿ?

ನಮ್ಮದು ಮೂರು ಜನರ ಗುಂಪು. ಒಬ್ಬಳು ಸಿರುಗುಪ್ಪದ ಶಾಹೀನ್. ಅವಳ ಅಣ್ಣ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಆ ಕ್ಯಾಮೆರಾ ಇತ್ತೆಂದೇ ಶಾಹೀನಳನ್ನು ಎಲ್ಲ ಗುಂಪಿನವರೂ ಕರೆದಿದ್ದರು. ಅವಳು ಯಾಕೋ ನಮ್ಮ ಕಡೆಗೆ ಬಂದಳು. ಇನ್ನೊಬ್ಬ ಸಿರಿಗೇರಿಯ ಪಂಪಾಪತಿ, ಗದ್ದೆ ಇರುವ ಮನೆಯ ಹುಡುಗ, ಮಾತಿಗಿಂತ ನಗುವೇ ಜಾಸ್ತಿ. ಇಬ್ಬರಿಗೂ ಇಪ್ಪತ್ತರ ವಯಸ್ಸು. ನನ್ನನ್ನು ಅಣ್ಣಾ ಅನ್ನುತ್ತಿದ್ದರು. ಮಾಮಾ ಅನ್ನಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿ. ಕ್ರೈಮ್ ಪಿಕ್ಚರೇ ಆಗಬೇಕೆಂದು ಅವರಿಬ್ಬರೂ ಹಟ ಹಿಡಿದರು.

ನಮ್ಮ ಸರ್ ಮೈಸೂರು ಕಡೆಯವರು. "ಕ್ರೈಮ್ ಪಿಕ್ಚರ್ ಮಾಡ್ತೀರಾ? ಮಾಡಿ. ಆದ್ರೆ ಮೊದಲು ಅಂಥ ಪಿಕ್ಚರ್‌ಗಳನ್ನ ಕೂತು ನೋಡಿ. ಅವಕ್ಕೆ ಏನೇನು ಕಟ್ಟುಪಾಡು ಇರ್ತವೆ ಅಂತ ಬರ್ಕೊಂಡು ಬನ್ನಿ. ಅಳತೆ ತಗೊಳ್ದೆ ನೀವು ಬಟ್ಟೆ ಕತ್ತರಿಸ್ತೀರೇನ್ರೀ ಎರ‍್ರಿಸ್ವಾಮಿ?" ಎಂದರು. ಅಲ್ಲಿಯ ತನಕ ಪಿಕ್ಚರ್ ನೋಡುವುದು ಓದು ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಏಳಕ್ಕೆ ಶಾಲೆ ಬಿಡುತ್ತಿರಲಿಲ್ಲ.

ಕಟ್ಟುಪಾಡು ಎಂದಾಗ ನನಗೆ ನೆನಪಾದದ್ದು ಕುರುಗೋಡಿನ ಟೆಂಟ್ ಸಿನಿಮಾ. ಮರಳಿನ ಮೇಲೆ ಕೂತು, ಮುಂದಿನವರ ತಲೆಗಳ ಸಂದಿಯಲ್ಲಿ ಕತ್ತು ತೂರಿಸಿ ನೋಡಿದ ಪಿಕ್ಚರುಗಳಲ್ಲಿ ಕಳ್ಳರು ಅಡ್ಡಪಟ್ಟಿಯ ಬನಿಯನ್ ಹಾಕಿ ಕೊರಳಿಗೆ ಕರ್ಚೀಫು ಕಟ್ಟುತ್ತಿದ್ದರು. ನಮ್ಮ ಓಣಿಗೆ ಐಸ್‌ಕ್ಯಾಂಡಿ ಮಾರಲು ಬರುತ್ತಿದ್ದವನೂ ಬಿಸಿಲಿಗೆಂದು ಕೊರಳಿಗೆ ಕರ್ಚೀಫು ಕಟ್ಟುತ್ತಿದ್ದ. ನಾನು ಒಂದು ಕೈಯಲ್ಲಿ ಕ್ಯಾಂಡಿ ಹಿಡಿದು ಇನ್ನೊಂದು ಕೈಯಿಂದ ಚಡ್ಡಿಯ ಜೇಬು ಮುಚ್ಚಿಕೊಳ್ಳುತ್ತಿದ್ದೆ. ಜೇಬಿನಲ್ಲಿ ಗೋಲಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಪಾಪ, ಅವನು ನನ್ನನ್ನು ಹೊಟ್ಟೆನೋವಿನ ಹುಡುಗ ಎಂದುಕೊಂಡು ಸಣ್ಣ ಕ್ಯಾಂಡಿ ಕೊಡುತ್ತಿದ್ದ.

ಶಾಹೀನ್ ಓದಲೆಂದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ತನ್ನ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದಳು. ಬಾಡಿಗೆ ಸಿ.ಡಿ.ಗಳನ್ನು ತಂದು ಆ ಮನೆಯ ಟಿ.ವಿ.ಯಲ್ಲಿ ನಮ್ಮ ಸಂಶೋಧನೆ ಶುರುವಾಯಿತು. ಕನ್ನಡ, ತೆಲುಗು, ಹಿಂದಿ ಎಲ್ಲವನ್ನೂ ನೋಡಿದೆವು. ಬಳ್ಳಾರಿಯವರಿಗೆ ತೆಲುಗು ಪಿಕ್ಚರ್ ಎಂದರೆ ಮನೆಯ ಊಟ ಇದ್ದಂತೆ. ಗಾಡಿಗಳು ಗಾಳಿಗೆ ಹಾರಿ ಬೀಳದಿದ್ದರೆ ಪಂಪಾಪತಿಗೆ ಉಪ್ಪಿಲ್ಲದ ಸಾರು ಉಂಡಂತಾಗುತ್ತಿತ್ತು. ಖಾಲಾ ಒಲೆಯ ಮೇಲೆ ಏನಾದರೂ ಇಟ್ಟು ಬಂದು ನಮ್ಮ ಹಿಂದೆ ಕೂರುತ್ತಿದ್ದರು.

"ಇವನಽ ಮಾಡ್ಯಾನ ನೋಡ್ರಿ ಖೂನಿ. ಹೆಂಗ ನಗಾಕತ್ಯಾನ ನೋಡು, ಹಾಲು ಕುಡಿದ ಬೆಕ್ಕಿನಂಗ."

"ಖಾಲಾ, ಅವ್ನು ಡಾಕ್ಟರ್. ಈಗಿನ್ನಾ ಬಂದಾನ."

"ಡಾಕ್ಟರ್ ಆದ್ರೇನು, ಕೈ ಇಲ್ಲೇನು ಅವಗ?"

ಅವರು ಹೇಳಿದವನು ಕೊನೆಗೆ ಕೊಲೆಗಾರನಲ್ಲ ಎಂದು ಗೊತ್ತಾದರೆ, ಪಿಕ್ಚರ್ ತೆಗೆದವನಿಗೆ ತಲೆ ಇಲ್ಲ ಎಂದು ಎದ್ದು ಹೋಗುತ್ತಿದ್ದರು.

ಒಂದು ವಾರವಾದ ಮೇಲೆ ಸರ್ ಕ್ಲಾಸಿನಲ್ಲಿ ಕೇಳಿದರು: "ಏನು ಕಂಡಿತು ಎರ‍್ರಿಸ್ವಾಮಿ?"

ನಾನು ಎದ್ದು ನಿಂತು, ಬಹಳ ಯೋಚಿಸಿ, "ಸರ್, ವಿಲನ್ ಕೋಟಿಗೆ ಭುಜದಾಗ ಪ್ಯಾಡ್ ಜಾಸ್ತಿ ಇರ್ತಾವ್ರಿ. ಹೀರೋಂದು ಸೊಂಟದಾಗ ಟೈಟ್ ಇರ್ತತಿ" ಎಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸರ್ ನಗಲಿಲ್ಲ. ಅದನ್ನೂ ಬರೆಯಿರಿ ಎಂದರು. ಧೈರ್ಯ ಬಂದು ಉಳಿದದ್ದನ್ನೂ ಹೇಳಿದೆ. ಕತ್ತಲಿರಬೇಕು, ಮಳೆ ಸುರಿಯಬೇಕು. ಕಳ್ಳನ ಮುಖ ತೋರಿಸಬಾರದು, ಬೂಟು ತೋರಿಸಬಹುದು. ಅವನು ಹೋಗುವಾಗ ಏನಾದರೂ ಬೀಳಿಸಿ ಹೋಗಬೇಕು, ಗುಂಡಿ ಇಲ್ಲವೆ ಬೀಡಿ ತುಂಡು. ಅನುಮಾನ ಬಡವನ ಮೇಲೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದವನು ಯಾರೆಂಬುದು ಕೊನೆಯ ತನಕ ಮುಚ್ಚಿಟ್ಟಿರಬೇಕು.

"ಈಗ ಇವೆಲ್ಲ ನಿಮ್ಮೂರಿಗೆ ಹೇಗೆ ಒಗ್ಗುತ್ವೆ ನೋಡಿ" ಎಂದು ಸರ್ ಕೂರಿಸಿದರು.

ಒಗ್ಗಲಿಲ್ಲ. ಬಳ್ಳಾರಿಯಲ್ಲಿ ಮಳೆಗೆ ಕಾದರೆ ನಮ್ಮ ಡಿಗ್ರಿ ಮೊಮ್ಮಕ್ಕಳ ಕಾಲಕ್ಕೆ ಬರುತ್ತದೆ. ಶಾಹೀನಳ ಅಣ್ಣನ ಕ್ಯಾಮೆರಾಕ್ಕೆ ಮದುವೆಮನೆಯ ದೊಡ್ಡ ಲೈಟಿನ ಅಭ್ಯಾಸ. ಕತ್ತಲಲ್ಲಿ ಹಿಡಿದರೆ ಪರದೆಯ ತುಂಬ ಇರುವೆ ಹರಿದಾಡಿದಂತೆ ಕಾಣುತ್ತಿತ್ತು. ಇನ್ನು ವಿಲನ್ ಗುರುತು. ಬಿಳಿ ಪ್ಯಾಂಟು, ಬಿಳಿ ಅಂಗಿ, ಕೈಗೆ ದಪ್ಪ ಬ್ರೇಸ್‌ಲೆಟ್ಟು, ದೊಡ್ಡ ಗಾಡಿ, ಹಿಂದೆ ನಾಲ್ಕು ಜನ. ಆ ವರ್ಷಗಳಲ್ಲಿ ನನ್ನ ಅಂಗಡಿಗೆ ಬಣ್ಣದ ಬಟ್ಟೆ ಬರುವುದೇ ಅಪರೂಪವಾಗಿತ್ತು. ಒಂದು ಲಾರಿ ಅದಿರಿಗೆ ಬಿಟ್ಟವನೂ ಬಿಳಿ ಹೊಲಿಸುತ್ತಿದ್ದ, ಆ ಲಾರಿಗೆ ಟಾರ್ಪಾಲ್ ಕಟ್ಟುವವನೂ ಬಿಳಿ ಹೊಲಿಸುತ್ತಿದ್ದ. ಸಂಜೆಗೂ ಬಿಳಿಯಾಗೇ ಇದ್ದರೆ ಅವರಿಗೆ ಎ.ಸಿ. ಕಾರಿದೆ ಎಂದರ್ಥ. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಇನ್ನೂ ಬಸ್ಸಿನಲ್ಲೇ ಓಡಾಡುತ್ತಾರೆ ಎಂದರ್ಥ.

"ಅಣ್ಣಾ, ಈ ಲೆಕ್ಕದಾಗ ನಮ್ಮ ಮಾಮೂನೂ ವಿಲನ್ನ" ಎಂದಳು ಶಾಹೀನ್.

"ನಮ್ಮೂರಾಗ ಹೀರೋ ಹುಡುಕೋದಽ ಕಷ್ಟ ಐತಿ ಬಿಡವಾ" ಎಂದ ಪಂಪಾಪತಿ.

ಅಂತೂ ಹಗಲಿನಲ್ಲೇ ನಡೆಯುವ ಒಂದು ಕಥೆ ಮಾಡಿದೆವು. ರೈತನೊಬ್ಬನ ಹೊಲದ ಬಾಂದು ಕಲ್ಲು, ಅಂದರೆ ಸರ್ವೆಯವರು ಎಲ್ಲೆಗೆ ನೆಟ್ಟ ಕಲ್ಲು, ಮಾಯವಾಗುತ್ತದೆ. ಕಲ್ಲು ಹೋದ ಮೇಲೆ ಪಕ್ಕದ ಜಾಗದಲ್ಲಿ ಅದಿರು ರಾಶಿ ಹಾಕುವ ಲಾರಿ ಸಾಹುಕಾರನ ಜಾಗ ಹಿಗ್ಗುತ್ತದೆ, ರೈತನ ಹೊಲ ಕುಗ್ಗುತ್ತದೆ. ಕದ್ದವರು ಯಾರು? ರೈತ ಪಂಪಾಪತಿ. ಪತ್ತೇದಾರ ನಾನು, ಕೂಲಿಂಗ್ ಗ್ಲಾಸಿನ ಸಮೇತ. ಕ್ಯಾಮೆರಾ ಶಾಹೀನ್. ಸಾಹುಕಾರನ ಪಾತ್ರಕ್ಕೆ ಒಳ್ಳೆ ಮೈಕಟ್ಟಿನ ಒಬ್ಬರು ಬೇಕಿತ್ತು. ಪಂಪಾಪತಿ ತಮ್ಮೂರಿನ ಹೊನ್ನೂರಸಾಬರ ಹೆಸರು ಹೇಳಿದ.

ಹೊನ್ನೂರಸಾಬರು ಪಿಂಜಾರರು. ಅರಳೆ ಬಡಿದು ಗಾದಿ ಹೊಲಿಯುವುದು ಅವರ ಕಸುಬು. ಜೊತೆಗೆ ಬಯಲಾಟದಲ್ಲಿ ರಾಕ್ಷಸನ ವೇಷ ಹಾಕುತ್ತಿದ್ದವರು. ಊರಿನ ಹುಡುಗರೆಲ್ಲ ಅದಿರು ಲಾರಿ ಹತ್ತಿ ಹೋದ ಮೇಲೆ ಮೇಳ ಮುರಿದು, ಅವರು ವೇಷ ಹಾಕಿ ಬಹಳ ವರ್ಷಗಳಾಗಿದ್ದವು. ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಹೋದೆ. ಆಳು ಬಾಗಿಲಿನಷ್ಟು ಅಗಲ. ಮೀಸೆಗೇ ಬೇರೆ ಅಳತೆ ತೆಗೆಯಬೇಕಿತ್ತು.

"ಪಾತ್ರ ಯಾವ್ದು ತಮ್ಮಾ?"

"ಕಲ್ಲು ಕದಿಯೋ ಸಾಹುಕಾರ್ರೀ."

"ಹೆಸರು?"

"ಹೆಸರಿಲ್ರಿ. ಸಾಹುಕಾರ ಅಷ್ಟ."

ಅವರು ಎತ್ತಿದ್ದ ಕೈ ಇಳಿಸಿಬಿಟ್ಟರು. "ಹೆಸರಿಲ್ಲದ ಪಾತ್ರ ನಾ ಮಾಡಂಗಿಲ್ಲ. ಹೆಸರು ಇಟ್ಕಂಡು ಬಾ, ಆಮ್ಯಾಲ ಅಳತಿ ತಗೋ." ನಾನು ಅಲ್ಲೇ ನಿಂತು ವಜ್ರಕೇತು ಎಂದೆ. ಲಾರಿ ಸಾಹುಕಾರನಿಗೆ ಅದೆಂಥ ಹೆಸರೋ ದೇವರೇ ಬಲ್ಲ. ಹೊನ್ನೂರಸಾಬರಿಗೆ ಹಿಡಿಸಿತು. ಎದೆ ಉಬ್ಬಿಸಿದರು, ಎರಡು ಇಂಚು ಜಾಸ್ತಿಯೇ ಬರೆದುಕೊಂಡೆ.

ಕ್ಯಾಮೆರಾ ನಮಗೆ ಸಿಕ್ಕಿದ್ದು ಒಂದೇ ದಿನಕ್ಕೆ. ಮರುದಿನದಿಂದ ಸಾಲಾಗಿ ಮದುವೆಗಳು. ಅಲ್ಲಿಂದ ಮುಂದೆ ಪಿಕ್ಚರ್ ಒಪ್ಪಿಸುವ ದಿನವೇ ಬರುತ್ತಿತ್ತು. ಸಂಜೆಯ ಸಿರುಗುಪ್ಪ ಬಸ್ಸಿಗೆ ಶಾಹೀನ್ ಕ್ಯಾಮೆರಾ ಸಮೇತ ಹತ್ತಲೇಬೇಕು. ಆ ದಿನ ತಪ್ಪಿದರೆ ನನ್ನ ಡಿಗ್ರಿ ತಪ್ಪಿತು ಎಂದೇ ಲೆಕ್ಕ. ಪಂಪಾಪತಿಯ ಗದ್ದೆಯ ಬದುವಿನಲ್ಲಿ ಒಂದು ಕಲ್ಲು ನೆಟ್ಟೆವು. ಆಚೆ ಗದ್ದೆಯಲ್ಲಿ ಹೆಣ್ಣುಮಕ್ಕಳು ನಾಟಿ ಹಚ್ಚುತ್ತಿದ್ದರು. ಹೊಸ ಬಿಳಿ ಅಂಗಿಯ ಹೊನ್ನೂರಸಾಬರು ಸದ್ದಿಲ್ಲದೆ ಬಂದು, ಅತ್ತಿತ್ತ ನೋಡಿ, ಕಲ್ಲು ಎತ್ತಿಕೊಂಡು ಹೋಗಬೇಕು. ಇದಿಷ್ಟೇ ಮೊದಲ ದೃಶ್ಯ.

ಬಯಲಾಟ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬಯಲಾಟದಲ್ಲಿ ರಂಗಕ್ಕೆ ಬಂದ ಪಾತ್ರ ಸುಮ್ಮನೆ ಕೆಲಸ ಶುರುಮಾಡುವಂತಿಲ್ಲ. ಸಾರಥಿ ಎಂಬುವನು ಎದುರು ನಿಂತು, ಬಂದವರು ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಬಿರುದುಗಳನ್ನೆಲ್ಲ ಹೇಳಿಕೊಳ್ಳುತ್ತದೆ. ಆಮೇಲೆಯೇ ಕಥೆ. ರಾಮನಾದರೂ ಅಷ್ಟೇ, ರಾವಣನಾದರೂ ಅಷ್ಟೇ.

ಶಾಹೀನ್ ಶುರು ಎಂದಳು. ಹೊನ್ನೂರಸಾಬರು ನಾಲ್ಕು ಹೆಜ್ಜೆ ಬಂದು, ಬದುವಿನ ಮೇಲೆ ಕಾಲು ಅಪ್ಪಳಿಸಿದರು.

"ಭಲಾ ಭಲಾ! ಎಲೈ ಸಾರಥೀ! ಈ ಸ್ಥಳಕ್ಕೆ ಬಂದವರು ಯಾರೆಂದು ಕೇಳುವಂಥವನಾಗು!"

ಕಾಲುವೆ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ನಾಟಿಯವರು ಸೊಂಟ ನೆಟ್ಟಗೆ ಮಾಡಿ ನಿಂತರು.

"ಚಾಚಾ, ಇಲ್ಲಿ ಸಾರಥಿ ಇಲ್ರಿ. ಸಪ್ಪಳ ಮಾಡ್ದಂಗ ಬಂದು ಕಲ್ಲು ಎತ್ಕೊಂಡು ಹೋಗ್ರಿ" ಎಂದಳು ಶಾಹೀನ್.

"ಆತು ಬಿಡವಾ."

ಮತ್ತೆ ಶುರು. ಈ ಸಲ ಮೆಲ್ಲಗೆ ಬಂದರು, ಬಗ್ಗಿದರು, ಕಲ್ಲಿಗೆ ಕೈ ಹಚ್ಚಿದರು. ಕೈ ಅಲ್ಲೇ ನಿಂತಿತು. ತುಟಿ ಅದುರಿತು. ಪಿಸುದನಿಯಲ್ಲಿ, "ಎಲೈ ಸಾರಥೀ…"

ಹೀಗೇ ಮಧ್ಯಾಹ್ನವಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಕೊನೆಗೆ ಅವರೇ ಸುಸ್ತಾಗಿ ಬದುವಿನ ಮೇಲೆ ಕೂತು, ನನ್ನ ಕಡೆ ತಿರುಗಿ ಹೇಳಿದರು: "ತಮ್ಮಾ, ನಾ ಯಾರು ಅಂತ ಹೇಳ್ದ ಕಲ್ಲಿಗೆ ಕೈ ಹಚ್ಚಾಕ ಮನಸ್ಸಾಗವಲ್ದು. ಹಂಗ ಎತ್ತಿದ್ರ ಅದು ಕಳ್ಳತನ ಆಗ್ತತಿ."

"ಕಳ್ಳತನನಽ ಆಗಬೇಕಪಾ ಮಾವಾ!" ಎಂದು ಪಂಪಾಪತಿ ಕೆಸರಿನಲ್ಲಿ ಕುಕ್ಕರಿಸಿಬಿಟ್ಟ.

ಆಚೆ ಗದ್ದೆಯಿಂದ ಒಬ್ಬ ಮುದುಕಿ ಕೂಗಿದಳು: "ಏ ಪಂಪ್ಯಾ, ಸಾಬಣ್ಣಗ ಮಾತಾಡಾಕ ಬಿಡ್ಲೇ! ಅವನ ದನಿ ಕೇಳಿ ಎಷ್ಟು ದಿನಾತು!"

ಪಂಪಾಪತಿ ನನ್ನ ಕಿವಿಯ ಹತ್ತಿರ ಬಂದು, ತಮ್ಮ ದೊಡ್ಡಪ್ಪನಿಗೇ ಅಂಗಿ ತೊಡಿಸಿ ನಿಲ್ಲಿಸೋಣ, ಬಸ್ಸಿನ ಹೊತ್ತಾಗುತ್ತದೆ ಎಂದ. ನಾನು ಹೊನ್ನೂರಸಾಬರನ್ನು ನೋಡಿದೆ. ಅವರು ಅಂಗಿಯ ಗುಂಡಿಗಳನ್ನು ಬಿಚ್ಚಬೇಕೋ ಬೇಡವೋ ಎಂಬಂತೆ ಒಂದೊಂದಾಗಿ ಮುಟ್ಟುತ್ತಿದ್ದರು. ಆಗಲೇ ರಸ್ತೆಯ ಕಡೆಯಿಂದ ದೊಡ್ಡ ಹಾರನ್ ಕೇಳಿತು. ಧೂಳೆಬ್ಬಿಸಿಕೊಂಡು ಅದಿರು ಸಾಹುಕಾರನೊಬ್ಬನ ಬಿಳಿ ಗಾಡಿ ಬಂತು. ಮುಂದಿನ ಗಾಜಿನ ಅರ್ಧದಷ್ಟು ಮಾಲೀಕನ ಹೆಸರು, ಹಿಂದಿನ ಗಾಜಿನ ಮೇಲೆ ಅವನ ಅಪ್ಪನ ಹೆಸರು. ಗಾಡಿ ಹೋದ ಮೇಲೂ ರಸ್ತೆ ಬದಿಯ ಕಟೌಟಿನಲ್ಲಿ ಅದೇ ಮನುಷ್ಯ ಕೈ ಮುಗಿದು ನಿಂತಿದ್ದ. ಗಾಡಿ ಬಂದಾಗ ದಾರಿಯಲ್ಲಿದ್ದವರೆಲ್ಲ ಬದಿಗೆ ಸರಿದು ಸಲಾಮು ಹೊಡೆದಿದ್ದರು.

ನಾನು ವಾರವಿಡೀ ನೋಡಿದ ಪಿಕ್ಚರುಗಳಲ್ಲಿ ಮಾಡಬಾರದ್ದನ್ನು ಮಾಡುವವನು ಮುಖ ಮುಚ್ಚಿಕೊಂಡು ಬರುತ್ತಿದ್ದ. ಆ ಕಟ್ಟುಪಾಡು ಯಾವ ಊರಿನದೋ ಏನೋ. ನಮ್ಮಲ್ಲಿ ಮುಚ್ಚಿಕೊಳ್ಳುವವರನ್ನು ನಾನು ನೋಡಿರಲಿಲ್ಲ.

"ಪಂಪಾಪತಿ, ಎದ್ದೇಳಲೇ. ಸಾರಥಿ ನೀನಽ" ಎಂದೆ.

"ನಾ ರೈತ ಅಲ್ಲೇನಣ್ಣಾ?"

"ರೈತನಽ. ಅವ್ರು ಬರ್ತಾರ. ನೀ ಕೈ ಕಟ್ಟಿ ನಿಂತು, ತಾವು ಯಾರು ಅಂತ ಕೇಳು. ಅವ್ರು ಎಲ್ಲಾ ಹೇಳ್ಲಿ. ಆಮ್ಯಾಲ ಕಲ್ಲು ಎತ್ತಾಕ ನೀನಽ ಒಂದು ಕೈ ಹಚ್ಚು."

ಶಾಹೀನ್ ನಗುತ್ತಾ ಕ್ಯಾಮೆರಾ ಎತ್ತಿದಳು.

ಹೊನ್ನೂರಸಾಬರು ಎದ್ದು ನಿಂತದ್ದೇ ಬೇರೆ ರೀತಿ. ಗಾದಿ ಹೊಲಿದು ಬಾಗಿದ್ದ ಬೆನ್ನು ನೆಟ್ಟಗಾಯಿತು. ಪಂಪಾಪತಿ ನಡುಗುವ ದನಿಯಲ್ಲಿ, "ತಾವು ಯಾರು ಸ್ವಾಮೀ?" ಎಂದು ಕೇಳಿದ. ನಟನೆಯಲ್ಲ, ನಿಜವಾಗಿಯೂ ಹೆದರಿದ್ದ.

"ಎಲೈ ಸಾರಥೀ! ಕೆಮ್ಮಣ್ಣ ಕೋಟೆಯ ಒಡೆಯ, ಹತ್ತು ಗಾಲಿಗಳ ರಥಗಳ ಅಧಿಪತಿ, ಧೂಳಿನ ಛತ್ರದ ಕೆಳಗೆ ಓಲಗ ಕೊಡುವ ವಜ್ರಕೇತು ಮಹಾರಾಜನೆಂದರೆ ನಾನೇ ಅಲ್ಲವೇನೋ! ನಿನ್ನ ಹೊಲದ ಕಲ್ಲನ್ನು ಕಿತ್ತು ನಿನ್ನ ಅಂಗಳದಲ್ಲಿ ನೆಡುವುದಕ್ಕೆ ಬಂದಿರುವೆನು, ದಾರಿ ಬಿಡುವಂಥವನಾಗು!"

ಇದರಲ್ಲಿ ಒಂದು ಅಕ್ಷರವನ್ನೂ ನಾವು ಬರೆದುಕೊಟ್ಟಿರಲಿಲ್ಲ. ನಾಟಿಯವರು ಕೆಸರುಗೈಯಲ್ಲೇ ಚಪ್ಪಾಳೆ ತಟ್ಟಿದರು. ಶಾಹೀನ್ ಅದನ್ನೂ ಹಿಡಿದಳು. ಉಳಿದ ದೃಶ್ಯಗಳನ್ನು ಓಡೋಡಿ ಮುಗಿಸಿದೆವು. ಪತ್ತೇದಾರನಾದ ನಾನು ಕಪ್ಪು ಕನ್ನಡಕ ಹಾಕಿ ಗದ್ದೆಯಲ್ಲಿ ತೆವಳಿ ಹೆಜ್ಜೆ ಗುರುತು ಅಳೆದೆ, ಬೀಡಿ ತುಂಡು ಹೆಕ್ಕಿದೆ, ಬಡಪಾಯಿಗಳ ಮೇಲೆ ಅನುಮಾನಪಟ್ಟೆ. ಅಲ್ಲೇ ನಾಟಿ ಹಚ್ಚುತ್ತಾ ಎಲ್ಲ ಕಂಡ ಹೆಣ್ಣುಮಕ್ಕಳನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ತೆವಳುವಾಗಲೇ ಕನ್ನಡಕದ ಕಡ್ಡಿ ಮುರಿದದ್ದು. ಕೊನೆಯ ದೃಶ್ಯದಲ್ಲಿ ಪಂಚಾಯಿತಿ ಕಟ್ಟೆಯ ಮುಂದೆ ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ರೈತ ಎದ್ದು, "ಅವ್ನ ಹೆಸರು ನಾ ಕೇಳೀನಿ. ಹೇಳ್ತೀನಿ" ಎನ್ನುತ್ತಾನೆ. ಅಷ್ಟು ಹೊತ್ತಿಗೆ ಬಸ್ಸು ಬಂದಿತ್ತು. ಶಾಹೀನ್ ಕ್ಯಾಮೆರಾ ಎದೆಗವುಚಿಕೊಂಡು ಓಡಿದಳು.

ಪರೀಕ್ಷೆಗೆ ಹೊರಗಿನಿಂದ ಬಂದವರು ಗಂಭೀರ ಮುಖದವರು. ಪಿಕ್ಚರ್ ಮುಗಿದ ಮೇಲೆ ಕೇಳಿದರು: "ಕಳ್ಳ ಯಾರು ಅಂತ ಮೊದಲನೇ ಸೀನಿನಲ್ಲೇ ಹೇಳಿಬಿಟ್ರಿ. ಇದು ಕ್ರೈಮ್ ಪಿಕ್ಚರ್ ಹೇಗಾಗುತ್ತೆ? ನೋಡುವವನು ಯಾಕೆ ಕೂತಿರಬೇಕು?"

ಮೂರು ವರ್ಷ ಕಣ್ಣ ಮುಂದೆ ಬಂದವು, ಅವುಗಳ ಹಿಂದೆ ಕತ್ತರಿ ಹಿಡಿದ ಹುಲಿಗೆಮ್ಮನೂ ಬಂದಳು. "ಸರ್, ಯಾರು ಮಾಡಿದ್ರು ಅಂತ ತಿಳಿಯೋದು ನಮ್ಮ ಕಡಿ ಕಷ್ಟ ಇಲ್ರಿ. ತಿಳಿದವರು ಯಾವಾಗ ಬಾಯಿ ಬಿಡ್ತಾರ ಅನ್ನೋದು ನೋಡಾಕ ಕೂತಿರಬೇಕ್ರಿ" ಎಂದೆ. ಅವರು ನಮ್ಮ ಸರ್ ಕಡೆ ತಿರುಗಿ, "ಆ ಮಹಾರಾಜ ಬರೋದು ಇನ್ನೊಂದು ಸಲ ಹಾಕ್ರೀ" ಎಂದರು.

ಪಾಸಾದೆ. ಸೆಕೆಂಡ್ ಕ್ಲಾಸು. ಶಾಹೀನ್, ಪಂಪಾಪತಿಯರದು ಫಸ್ಟ್ ಕ್ಲಾಸು. ನಮ್ಮ ಪಿಕ್ಚರಿನ ಸಿ.ಡಿ. ಸಿರಿಗೇರಿಯಲ್ಲಿ ಮನೆಯಿಂದ ಮನೆಗೆ ತಿರುಗಿ ಕೊನೆಗೆ ಓಡದಂತಾಯಿತು. ಮುಂದಿನ ವರ್ಷ ಹೊನ್ನೂರಸಾಬರು ಲಾರಿಯಿಂದ ಇಳಿದು ಬಂದ ನಾಲ್ಕೈದು ಹುಡುಗರನ್ನು ಕಟ್ಟಿಕೊಂಡು ಬಯಲಾಟ ಕಲಿಸಲು ಶುರುಮಾಡಿದರೆಂದು ಪಂಪಾಪತಿ ಹೇಳಿದ.

ಫಲಿತಾಂಶ ನೋಡಿಕೊಂಡು ಕುರುಗೋಡಿಗೆ ಬಂದಾಗ ಹುಲಿಗೆಮ್ಮ ಅಂಗಡಿಯ ಮುಂದೆ ಪೇಂಟರನನ್ನು ಏಣಿ ಹತ್ತಿಸಿ ನಿಲ್ಲಿಸಿದ್ದಳು. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆಸುತ್ತಿದ್ದಳು, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ. ನನಗೆ ನಾಚಿಕೆಯಾಗಿ, "ಬ್ಯಾಡ ಬಿಡು. ದರ್ಜಿ ಅಂಗಡಿಗೆ ಯಾಕ ಅದು? ನೋಡಿದವ್ರು ನಗ್ತಾರ" ಎಂದೆ.

ಅವಳು ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. "ಕದ್ದು ಪಾಸಾಗೀರೇನು? ಹೇಳ್ಕೊಳ್ಳಾಕ ಏನು ನಾಚಿಕಿ?"

ಪೇಂಟರ್ ಅವಳ ಮಾತನ್ನೇ ಕೇಳಿದ.

ನಿಮ್ಮ ಬದುಕಿನಲ್ಲೂ ಹೀಗೆ, ಮಾಡಲು ಹೊರಟದ್ದು ಒಂದಾಗಿ ಕೈಗೆ ಬಂದದ್ದು ಇನ್ನೊಂದಾದರೂ ಅದೇ ಚೆಂದವಾದದ್ದು ಇದ್ದೇ ಇರುತ್ತದೆ. ಹೊತ್ತಾದ ಮೇಲೆ ಓದಿಗೆ ಕೂತವರಂತೂ ನಿಮ್ಮಲ್ಲಿ ಇದ್ದೇ ಇರುತ್ತೀರಿ. ನಾಲ್ಕು ಸಾಲು ಬರೆದು ಹಾಕಿರಿ. ನಾನು ಟೈಪು ಮಾಡುವುದು ನಿಧಾನ, ಓದುವುದೂ ನಿಧಾನ. ಆದರೆ ಬಿಡದೆ ಓದುತ್ತೇನೆ.